ಶೆಡ್ಡಿನಿಂದ ಆಸ್ಪತ್ರೆಗೆ ದಾರಿ: ಮೈಸೂರಿನ ವಲಸೆ ಕುಟುಂಬಗಳ ಆರೋಗ್ಯಕ್ಕೆ ಜೊತೆ ನಿಲ್ಲುವ ಬಗೆ

ರಿಂಗ್ ರಸ್ತೆಯ ಆಚೆ ಅಪಾರ್ಟ್‌ಮೆಂಟ್ ಏಳುತ್ತಿರುವ ಕಡೆಯೆಲ್ಲ ಪಕ್ಕದಲ್ಲೇ ತಗಡಿನ ಶೆಡ್‌ಗಳ ಸಾಲು ಇರುತ್ತದೆ. ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶದ ಸುತ್ತ ಬಾಡಿಗೆ ಕೋಣೆಗಳಲ್ಲಿ ಆರೆಂಟು ಹುಡುಗರು ಒಟ್ಟಿಗೆ ಇರುತ್ತಾರೆ. ಒಡಿಶಾ, ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳದವರು. ಜೊತೆಗೆ ನಮ್ಮದೇ ರಾಯಚೂರು, ಯಾದಗಿರಿ, ಕಲಬುರಗಿಯವರು. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಇದೇ ಊರಲ್ಲಿವೆ, ನಗರ ಪ್ರಾಥಮಿಕ ಆರೋಗ್ಯ ಕೇಂದ್ರವೂ ಸರ್ಕಾರದ ‘ನಮ್ಮ ಕ್ಲಿನಿಕ್ಕೂ’ ಇನ್ನೂ ಹತ್ತಿರ. ಆದರೂ ಇವರು ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳಿ ಪಡೆದು ಕೆಲಸಕ್ಕೆ ಹೋಗಿಬಿಡುತ್ತಾರೆ. ಒಂದು ದಿನದ ಕೂಲಿ ತಪ್ಪುತ್ತದೆ, ಭಾಷೆ ಬರುವುದಿಲ್ಲ, ಕಾಗದಪತ್ರ ಊರಲ್ಲೇ ಉಳಿದಿದೆ, ಬರುವ ತಿಂಗಳು ಯಾವ ಸೈಟಿನಲ್ಲಿರುತ್ತೇವೋ ಗೊತ್ತಿಲ್ಲ. ಈ ನಾಲ್ಕು ಗಂಟುಗಳನ್ನು ಬಡಾವಣೆಯ ಮೂರು ನಾಲ್ಕು ಜನ ಸೇರಿ ಬಿಡಿಸಬಹುದು. ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಸ್ವಯಂಸೇವಕರು, ಆಶಾ ಕಾರ್ಯಕರ್ತೆಯರು, ಸೈಟ್ ಸೂಪರ್‌ವೈಸರ್‌ಗಳು ಯಾರು ಬೇಕಾದರೂ ಬಳಸಬಹುದು.

ಮೊದಲೇ ಒಂದು ಮಾತು. ಬ್ಯಾನರ್ ಕಟ್ಟಿ, ಬಿಪಿ ನೋಡಿ, ಹತ್ತು ದಿನದ ಮಾತ್ರೆ ಕೊಟ್ಟು ಹೊರಡುವ ಒಂದು ದಿನದ ಶಿಬಿರದಿಂದ ಹೆಚ್ಚು ಪ್ರಯೋಜನವಿಲ್ಲ. ಬಿಪಿ ಮಾತ್ರೆ ಹನ್ನೊಂದನೇ ದಿನ ಮುಗಿಯುತ್ತದೆ, ಮುಂದಕ್ಕೆ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿರುವುದಿಲ್ಲ. ಒಂದೇ ಶೆಡ್ ಸಾಲಿಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳು ಹೋಗುವುದಾದರೆ ಮಾತ್ರ ಕೈ ಹಾಕಿ.

ಯಾವಾಗ ಹೋಗಬೇಕು, ಏನು ಬರೆದುಕೊಳ್ಳಬೇಕು

ಗಾರೆ ಕೆಲಸ, ಸೆಂಟ್ರಿಂಗ್, ಕಂಬಿ ಕಟ್ಟುವವರು ಸಿಗುವುದು ಸಂಜೆ ಏಳರ ಮೇಲೆ, ಇಲ್ಲವೇ ಭಾನುವಾರ ಮಧ್ಯಾಹ್ನ. ಬಟವಾಡೆಯ ದಿನ ಬೇಡ. ಅಂದು ಸಂತೆಗೆ ಹೋಗುವ, ಊರಿಗೆ ದುಡ್ಡು ಕಳಿಸುವ ಗಡಿಬಿಡಿ ಇರುತ್ತದೆ. ಮೊದಲು ಮೇಸ್ತ್ರಿಯನ್ನು ಕಂಡು ಮಾತಾಡಿ. ಅವರನ್ನು ಬಿಟ್ಟು ಒಳಗೆ ಹೋದರೆ ಎರಡನೇ ಸಲ ಗೇಟಿನಲ್ಲೇ ತಡೆಯುತ್ತಾರೆ. ‘ಕಾಯಿಲೆ ಬಿದ್ದವರು ಬೇಗ ಗುಣವಾದರೆ ನಿಮ್ಮ ಕೆಲಸವೂ ನಿಲ್ಲುವುದಿಲ್ಲ’ ಎಂದು ನೇರವಾಗಿ ಹೇಳಿ. ಗುಂಪಿನಲ್ಲಿ ಒಬ್ಬ ಹೆಂಗಸು ಇರಲೇಬೇಕು. ಬಿಳಿಮುಟ್ಟು, ಉರಿಮೂತ್ರದ ವಿಷಯವನ್ನು ಯಾವ ಹೆಣ್ಣುಮಗಳೂ ಗಂಡಸಿನ ಮುಂದೆ ಹೇಳುವುದಿಲ್ಲ. ಅವರು ಬಾಯಿಬಿಟ್ಟು ಹೇಳುವುದು ‘ಕಮಜೋರಿ’ (ನಿಶ್ಶಕ್ತಿ) ಎಂಬ ಒಂದೇ ಮಾತು, ಅದರ ಹಿಂದೆ ರಕ್ತಹೀನತೆಯಿಂದ ಹಿಡಿದು ಗರ್ಭದವರೆಗೆ ಏನೂ ಇರಬಹುದು.

ಇನ್ನೂರು ಪುಟದ ಒಂದು ಗಟ್ಟಿ ನೋಟ್‌ಬುಕ್ ತನ್ನಿ. ಕುಟುಂಬಕ್ಕೆ ಒಂದು ಪುಟ: ಹೆಸರು, ವಯಸ್ಸು, ಊರು ಮತ್ತು ಜಿಲ್ಲೆ, ಮನೆಮಾತು, ಇಲ್ಲಿಗೆ ಬಂದ ತಿಂಗಳು, ಮೇಸ್ತ್ರಿಯ ಫೋನ್, ಇಲ್ಲಿಂದ ಹೊರಡುವ ಅಂದಾಜು. ಫೋನ್ ಗಂಡನ ಬಳಿ ಒಂದೇ ಇರುತ್ತದೆ, ಅವನು ಹಗಲು ಎತ್ತುವುದಿಲ್ಲ. ಆದ್ದರಿಂದ ಪಕ್ಕದ ಶೆಡ್ಡಿನವರ ನಂಬರ್ ಕೂಡ ಬೇಕು. ಪುಟದ ಬಲಗಡೆ ಒಂದೇ ಒಂದು ಕಾಲಂ ದೊಡ್ಡದಾಗಿರಲಿ: ಮುಂದೆ ಏನು, ಯಾವ ತಾರೀಖಿಗೆ. ಲಸಿಕೆ, ಸ್ಕ್ಯಾನಿಂಗ್, ಮಾತ್ರೆ ಮುಗಿಯುವ ದಿನ ಎಲ್ಲ ಅಲ್ಲಿ ಬರಲಿ. ಪ್ರತಿ ಸಲ ಹೋಗುವ ಮುಂಚೆ ಆ ಕಾಲಂ ಮಾತ್ರ ನೋಡಿಕೊಂಡರೆ ಸಾಕು. ಕ್ಷಯ, ಎಚ್‌ಐವಿಯಂಥ ಕಾಯಿಲೆಯ ಹೆಸರು ಬರೆಯಬೇಡಿ, ನಿಮಗೆ ಮಾತ್ರ ತಿಳಿಯುವ ಒಂದು ಗುರುತು ಹಾಕಿ. ಆಧಾರ್ ಕಾರ್ಡಿನ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಬೇಡವೇ ಬೇಡ.

ಬಂಗಾಳಿ ಮಾತಾಡುವವರನ್ನೆಲ್ಲ ಬೇರೆ ದೇಶದವರೆಂದು ಅನುಮಾನಿಸುವುದು ಹೆಚ್ಚಾಗಿದೆ, ಆ ಭಯಕ್ಕೇ ಎಷ್ಟೋ ಜನ ಹೆಸರು ಹೇಳಲೂ ಹಿಂಜರಿಯುತ್ತಾರೆ. ಯಾರು ಎಲ್ಲಿಯವರೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಕಾರ್ಡ್ ಕೇಳುವ ಮೊದಲು ಮಗುವಿನ ತೂಕ ನೋಡಿ. ನಂಬಿಕೆ ಬಂದ ಮೇಲೆ ಕಾಗದ ತಾನಾಗಿ ಹೊರಬರುತ್ತದೆ.

ಭಾಷೆಗೆ ಹತ್ತು ಪದ ಕಲಿತರೂ ದಾರಿ ಸಲೀಸು. ಒಡಿಯಾದಲ್ಲಿ ಜ್ವರ ಎಂದರೆ ಜ್ವರವೇ, ಬಂಗಾಳಿಯಲ್ಲೂ ಅದೇ ಪದದ ಉಚ್ಚಾರ ಸ್ವಲ್ಪ ಬೇರೆ. ಹಿಂದಿಯಲ್ಲಿ ಜ್ವರ ‘ಬುಖಾರ್’, ಕೆಮ್ಮು ‘ಖಾಂಸಿ’, ವಾಂತಿ ‘ಉಲ್ಟಿ’, ಭೇದಿ ‘ದಸ್ತ್’, ತಲೆಸುತ್ತು ‘ಚಕ್ಕರ್’, ಬಿಳಿಮುಟ್ಟು ‘ಸಫೇದ್ ಪಾನಿ’. ‘ಕಿತನೆ ದಿನ್ ಸೆ?’ ಎಂದು ದಿನ ಕೇಳುವುದನ್ನು ಮರೆಯಬೇಡಿ. ಎರಡು ದಿನದ ಕೆಮ್ಮಿಗೂ ಎರಡು ವಾರದ ಕೆಮ್ಮಿಗೂ ದಾರಿ ಬೇರೆ. ಶಾಲೆಗೆ ಹೋಗುವ ಮಗುವನ್ನು ತಾಯಿಯ ಗರ್ಭದ ಮಾತಿಗೆ ದುಭಾಷಿ ಮಾಡಬೇಡಿ.

ಬಸುರಿ, ಬಾಣಂತಿ, ಮಗು

ಮೊದಲ ಭೇಟಿಯಲ್ಲೇ ಹುಡುಕಬೇಕಾದವರು ಇವರು. ಮುಟ್ಟು ನಿಂತ ತಾರೀಖು ಕೇಳಿದರೆ ‘ಯಾದ್ ನಹೀಂ’ ಎನ್ನುತ್ತಾರೆ. ಹೋಳಿಗೆ ಮೊದಲೋ ಆಮೇಲೋ, ರಥಯಾತ್ರೆಯ ಹೊತ್ತಿಗೆ ಮುಟ್ಟಾಗಿತ್ತೋ ಇಲ್ಲವೋ, ಛಠ್‌ಗೆ ಎಷ್ಟು ದಿನ ಹಿಂದೆ ಎಂದು ಅವರ ಹಬ್ಬಗಳ ಲೆಕ್ಕದಲ್ಲಿ ಕೇಳಿ, ನೆನಪಾಗುತ್ತದೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ. ಮಾರ್ಚ್ 10 ಆಗಿದ್ದರೆ ಡಿಸೆಂಬರ್ 17.

ಮಾರನೇ ದಿನವೇ ಆಶಾ ಅವರಿಗೆ ತಿಳಿಸಿ ತಾಯಿ ಕಾರ್ಡ್ ಮಾಡಿಸಿ. ಬೇರೆ ರಾಜ್ಯದಲ್ಲಿ ಮಾಡಿಸಿದ ಕಾರ್ಡ್ ಇದ್ದರೆ ಎಸೆಯಬೇಡಿ, ಅದರಲ್ಲಿರುವ ಆರ್‌ಸಿಎಚ್ ನಂಬರಿನಿಂದ (ಸರ್ಕಾರದ ತಾಯಿ-ಮಗು ದಾಖಲೆಯ ಸಂಖ್ಯೆ) ಹಿಂದಿನ ದಾಖಲೆ ಸಿಗುತ್ತದೆ. ಕಡಿಮೆಯೆಂದರೆ ನಾಲ್ಕು ತಪಾಸಣೆ ಆಗಬೇಕು, ಮೊದಲನೆಯದು ಮೂರು ತಿಂಗಳೊಳಗೆ. ಪ್ರತಿ ತಿಂಗಳ 9ರಂದು ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ವಿಶೇಷ ತಪಾಸಣೆ ನಡೆಯುತ್ತದೆ. ಕೂಲಿಗೆ ರಜೆ ಕೇಳಲು ಇಂಥ ನಿಗದಿಯಾದ ತಾರೀಖು ಒಳ್ಳೆಯ ನೆಪ. ರಕ್ತ, ಮೂತ್ರ, ಬಿಪಿ, ತೂಕ ಎಲ್ಲವನ್ನೂ ಅದೇ ದಿನ ಮುಗಿಸಿ. ಒಂದೊಂದಕ್ಕೆ ಒಂದೊಂದು ದಿನ ಕರೆದರೆ ಮೂರನೇ ಸಲ ಬರುವುದಿಲ್ಲ.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತಡಮಾಡದೆ ಆಸ್ಪತ್ರೆ. ಕಬ್ಬಿಣದ ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ. ಮಾತ್ರೆ ಕೊಟ್ಟರೂ ನುಂಗದಿರುವುದಕ್ಕೆ ಕಾರಣವಿದೆ: ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ‘ಮಗು ಕಪ್ಪಾಗುತ್ತದೆ’ ಎಂದು ಯಾರೋ ಹೇಳಿರುತ್ತಾರೆ. ಮಲ ಕಪ್ಪಾಗುವುದು ಕಬ್ಬಿಣದಿಂದ, ಅದಕ್ಕೂ ಮಗುವಿನ ಬಣ್ಣಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿ. ರಾತ್ರಿ ಊಟವಾದ ಮೇಲೆ ನುಂಗಿದರೆ ತೊಳಸು ಕಡಿಮೆ. ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಇವೆರಡೂ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ.

ಐದನೇ ತಿಂಗಳಲ್ಲಿ ಕೇಳಲೇಬೇಕಾದ ಪ್ರಶ್ನೆ: ಹೆರಿಗೆ ಇಲ್ಲೋ, ಊರಲ್ಲೋ? ಊರಿಗೆ ಹೋಗುವವರು ಎಂಟನೇ ತಿಂಗಳು ತುಂಬಿ ಎರಡು ದಿನದ ರೈಲು ಹತ್ತದಂತೆ ಮೊದಲೇ ಟಿಕೆಟ್ ಮಾಡಿಸಿ. ಇಲ್ಲೇ ಆಗುವುದಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಒಂದು ವರ್ಷದವರೆಗೆ ಕಾಯಿಲೆ ಬಿದ್ದ ಮಗುವಿನ ಚಿಕಿತ್ಸೆಯೂ ಉಚಿತ. ಇದಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ. ರಕ್ತಸ್ರಾವ, ನೀರು ಹೋಗುವುದು, ಮುಖ ಕೈ ಊತ, ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಫಿಟ್ಸ್, ಮಗುವಿನ ಚಲನೆ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಗಂಡ ಕೆಲಸದಿಂದ ಬರುವ ತನಕ ಕಾಯದೆ 108ಕ್ಕೆ ಕರೆ ಮಾಡಬೇಕು. 108ಕ್ಕೆ ಹೇಳಲು ಶೆಡ್ಡಿಗೆ ವಿಳಾಸವಿರುವುದಿಲ್ಲ! ಅದಕ್ಕಾಗಿ ಹತ್ತಿರದ ದೇವಸ್ಥಾನ, ಶಾಲೆ ಅಥವಾ ವೃತ್ತದ ಹೆಸರು ಸೇರಿಸಿ ಎರಡು ಸಾಲನ್ನು ಕನ್ನಡ, ಹಿಂದಿಯಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿ.

ಮಕ್ಕಳ ಲಸಿಕೆಯ ವಿಷಯದಲ್ಲಿ ತಪ್ಪು ತಿಳುವಳಿಕೆ ದೊಡ್ಡದು. ಒಂದು ಡೋಸ್ ತಪ್ಪಿದರೆ ಎಲ್ಲ ವ್ಯರ್ಥ ಎಂದು ತಾಯಂದಿರು ಬಿಟ್ಟುಬಿಡುತ್ತಾರೆ. ಹಾಕಿಸಿದ್ದು ಲೆಕ್ಕದಲ್ಲೇ ಇರುತ್ತದೆ. ನಿಂತ ಕಡೆಯಿಂದ ಮುಂದುವರಿಸಿದರೆ ಆಯಿತು. ಹುಟ್ಟಿದಾಗ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ. 6, 10, 14 ವಾರಕ್ಕೆ ಪೆಂಟಾವೇಲೆಂಟ್, ಪೋಲಿಯೊ, ರೋಟಾ. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಮೊದಲ ಡೋಸ್. 16ರಿಂದ 24 ತಿಂಗಳೊಳಗೆ ಎರಡನೆಯದು ಮತ್ತು ಬೂಸ್ಟರ್. ಕಾರ್ಡ್ ಕಳೆದಿದ್ದರೆ ಎಡ ತೋಳಿನ ಮೇಲ್ಭಾಗದಲ್ಲಿ ಬಿಸಿಜಿಯ ಸಣ್ಣ ಕಲೆ ಇದೆಯೇ ನೋಡಿ, ಉಳಿದದ್ದನ್ನು ಯು-ವಿನ್ ಎಂಬ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಲ್ಲಿ ಮೊಬೈಲ್ ನಂಬರ್ ಹಾಕಿ ಹುಡುಕಲು ನರ್ಸ್‌ಗೆ ಹೇಳಿ. ಗಂಡ ಸಿಮ್ ಬದಲಾಯಿಸಿದ್ದರೆ ಹಳೇ ನಂಬರ್ ಕೇಳಿ.

ಆರು ತಿಂಗಳಿಂದ ಐದು ವರ್ಷದ ಮಕ್ಕಳ ಎಡ ತೋಳಿನ ನಡುಭಾಗದ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಅಂಗನವಾಡಿಯಲ್ಲಿ ಸಿಗುತ್ತದೆ. 11.5 ಸೆಂ.ಮೀ. ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಅಂದೇ ವೈದ್ಯರಿಗೆ ತೋರಿಸಬೇಕು. 12.5ರೊಳಗಿದ್ದರೆ ಅಂಗನವಾಡಿಗೆ ಸೇರಿಸಿ, ತಿಂಗಳಿಗೊಮ್ಮೆ ತೂಕ ನೋಡಿ. ವಲಸೆ ಬಂದ ಮಕ್ಕಳಿಗೂ ಬಸುರಿಯರಿಗೂ ಅಂಗನವಾಡಿಯ ಆಹಾರದ ಹಕ್ಕಿದೆ. ‘ನಮ್ಮ ಲಿಸ್ಟಿನಲ್ಲಿಲ್ಲ’ ಎಂದರೆ ಜಗಳವಾಡದೆ ಮೇಲ್ವಿಚಾರಕಿಯ ಬಳಿ ಹೆಸರು ಸೇರಿಸಿಸಿ.

ಕೆಮ್ಮು ಎರಡು ವಾರ ದಾಟಿದರೆ

ಹತ್ತು ಅಡಿ ಚೌಕದ ತಗಡಿನ ಕೋಣೆ, ಕಿಟಕಿಯಿಲ್ಲ, ಆರು ಜನರ ಉಸಿರು. ಕ್ಷಯ ಹರಡಲು ಇದಕ್ಕಿಂತ ಹೆಚ್ಚೇನೂ ಬೇಡ. ಎರಡು ವಾರದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ: ಒಂದಿದ್ದರೂ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಔಷಧಿಯೂ ಉಚಿತ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಡಬ್ಬಿಯಲ್ಲಿ. ಕಫದ ಬದಲು ಎಂಜಲು ತುಂಬಿಸಿ ಕೊಡುತ್ತಾರೆ, ‘ಇಲ್ಲ’ ಎಂದು ಫಲಿತಾಂಶ ಬರುತ್ತದೆ, ಕಾಯಿಲೆ ಉಳಿದೇ ಇರುತ್ತದೆ. ಆದ್ದರಿಂದ ಡಬ್ಬಿಯನ್ನು ಕೈಗಿಟ್ಟು ಮಾಡಿ ತೋರಿಸಿ: ಬೆಳಿಗ್ಗೆ ಎದ್ದು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಶೆಡ್ಡಿನ ಹೊರಗೆ ಗಾಳಿಗೆ ನಿಂತು, ಎರಡು ಮೂರು ಸಲ ದೀರ್ಘ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ ಬಂದದ್ದನ್ನು ಡಬ್ಬಿಗೆ ಹಾಕಬೇಕು. ಅಂಟಂಟಾಗಿ, ಗಟ್ಟಿಯಾಗಿ ಎರಡು ಎಂ.ಎಲ್. ಆದರೂ ಇರಬೇಕು. ಮುಚ್ಚಳ ಬಿಗಿಮಾಡಿ ಅಂದೇ ತಲುಪಿಸಿ.

ಕ್ಷಯ ಎಂದು ತಿಳಿದರೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಮಾತ್ರೆ ಶುರುವಾದ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಿಫಾಂಪಿಸಿನ್ ಔಷಧಿಯ ಬಣ್ಣ. ರಕ್ತ ಹೋಗುತ್ತಿದೆ ಎಂದು ಹೆದರಿ ಬಿಡುವವರಿದ್ದಾರೆ, ಮೊದಲೇ ಹೇಳಿ. ಇನ್ನೊಂದು ಅಪಾಯದ ಕಾಲ ಎರಡನೇ ತಿಂಗಳು: ಕೆಮ್ಮು ನಿಂತಿರುತ್ತದೆ, ತೂಕ ಏರಿರುತ್ತದೆ, ಗುಣವಾಯಿತೆಂದು ಮಾತ್ರೆ ನಿಲ್ಲಿಸುತ್ತಾರೆ. ಆಗ ಉಳಿದ ಕ್ರಿಮಿ ಔಷಧಿಗೆ ಬಗ್ಗದಂತಾಗಬಹುದು. ಕ್ಷಯ ರೋಗಿಗೆ ಸರ್ಕಾರಿ ದಾಖಲೆಯಲ್ಲಿ ಕೊಡುವ ನಿಕ್ಷಯ್ ಐಡಿ ಎಂಬ ನಂಬರನ್ನು ನೋಟ್‌ಬುಕ್ಕಿನಲ್ಲೂ ರೋಗಿಯ ಫೋನಿನಲ್ಲೂ ಬರೆದಿಡಿ. ಊರು ಬದಲಾಯಿಸಿದರೆ ಆ ನಂಬರಿನ ಮೇಲೆ ಚಿಕಿತ್ಸೆ ವರ್ಗಾವಣೆಯಾಗುತ್ತದೆ, ಹೋದ ಕಡೆ ಮೊದಲಿಂದ ಶುರು ಮಾಡಬೇಕಿಲ್ಲ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ₹1,000 ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ₹500 ಇತ್ತು. ಖಾತೆಯ ಹೆಸರೂ ಆಧಾರಿನ ಹೆಸರೂ ಹೊಂದದಿದ್ದರೆ ಹಣ ನಿಲ್ಲುತ್ತದೆ, ಆದರೆ ಖಾತೆ ಇಲ್ಲವೆಂದು ಔಷಧಿ ನಿಲ್ಲಬಾರದು. ಅದೇ ಕೋಣೆಯಲ್ಲಿ ಮಲಗುವ ಎಲ್ಲರನ್ನೂ, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳನ್ನು ತಪಾಸಣೆಗೆ ಕಳಿಸಿ.

ಜ್ವರದ ಬಗ್ಗೆ ಒಂದು ಎಚ್ಚರ. ಒಡಿಶಾ, ಜಾರ್ಖಂಡ್, ಛತ್ತೀಸಗಢದಿಂದ ಬಂದು ಕೆಲವೇ ವಾರವಾದವರಿಗೆ ನಡುಕದ ಜ್ವರ ಬಂದರೆ ಡೆಂಗಿ ಎಂದಷ್ಟೇ ನೋಡಿ ಸುಮ್ಮನಾಗಬೇಡಿ, ಮಲೇರಿಯಾ ರಕ್ತ ಪರೀಕ್ಷೆಯೂ ಅಂದೇ ಆಗಬೇಕು. ವೈವಾಕ್ಸ್ ಮಲೇರಿಯಾ ಆದರೆ ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗಬೇಕು. ಮೂರನೇ ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಯಕೃತ್ತಿನಲ್ಲಿ ಅಡಗಿದ ಕ್ರಿಮಿ ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಬಸುರಿಯರಿಗೆ ಈ ಮಾತ್ರೆ ಕೊಡುವುದಿಲ್ಲ, ಗರ್ಭದ ವಿಷಯ ವೈದ್ಯರಿಗೆ ಹೇಳಲೇಬೇಕು. ಡೆಂಗಿಯ ಸೊಳ್ಳೆ ಬೆಳೆಯುವುದು ಸೈಟಿನಲ್ಲೇ: ಕ್ಯೂರಿಂಗ್‌ಗೆ ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಮುಚ್ಚಳವಿಲ್ಲದ ಡ್ರಮ್ಮು. ವಾರಕ್ಕೊಂದು ದಿನ ಎಲ್ಲವನ್ನೂ ಬರಿದು ಮಾಡಿ ಒಣಗಿಸಿದರೆ ಮರಿ ಸೊಳ್ಳೆಯಾಗುವಷ್ಟು ಹೊತ್ತು ಸಿಗುವುದಿಲ್ಲ.

ಕುಡಿಯುವ ನೀರು

ಬಡಾವಣೆಗೆ ಕಾವೇರಿ ನೀರು ಬಂದರೂ ಶೆಡ್ಡಿನವರು ಕುಡಿಯುವುದು ಹೆಚ್ಚಾಗಿ ಕಟ್ಟಡದ ಸಂಪಿನ ನೀರು. ಸಂಪಿನಲ್ಲಿ ನೀರಿರುವ ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್. 8 ಅಡಿ, 6 ಅಡಿ, ಆಳ 4 ಅಡಿಯಾದರೆ ಸುಮಾರು 5,400 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ 13.5 ಗ್ರಾಂ ಬೇಕು. ಕೈಯಳತೆ ಬೇಡ, ತೂಕ ಮಾಡಿ. ಪುಡಿಯನ್ನು ನೇರ ಸಂಪಿಗೆ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಹಾಕಿ ಕಲಕಿ, ತಳದ ಸುಣ್ಣ ಚೆಲ್ಲಿ. ಒಂದು ಗಂಟೆ ಯಾರೂ ನೀರು ತೆಗೆಯಬಾರದು. ಆಮೇಲೂ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು; ಅದನ್ನು ನೋಡುವ ಕಿಟ್ ಆರೋಗ್ಯ ನಿರೀಕ್ಷಕರ ಬಳಿ ಇರುತ್ತದೆ. ತೆರೆದಿಟ್ಟ ಚೀಲದ ಪುಡಿ ಬಿಸಿಲಿಗೆ, ತೇವಕ್ಕೆ ಸತ್ವ ಕಳೆದುಕೊಳ್ಳುತ್ತದೆ: ಮೂಗಿಗೆ ಘಾಟು ಬರದಿದ್ದರೆ ಅದು ಬರೀ ಸುಣ್ಣ. ಕೆಸರು ನೀರಿಗೆ ಈ ಲೆಕ್ಕ ಸಾಲದು.

ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆಯನ್ನು 14 ದಿನ ಕೊಡಬೇಕು, ಭೇದಿ ನಿಂತ ಮೇಲೂ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚವೆಂದರೆ ಐದು ಎಂ.ಎಲ್. ಹಿಡಿಯುವ ಟೀ ಚಮಚ.

ಶೌಚಾಲಯಕ್ಕೆ ಒಳಗಿನ ಚಿಲಕ, ರಾತ್ರಿ ಒಂದು ಬಲ್ಬು ಹಾಕಿಸಿ ಎಂದು ಗುತ್ತಿಗೆದಾರರನ್ನು ಒತ್ತಾಯಿಸಿ. ಇವಿಲ್ಲದ ಕಡೆ ಹೆಂಗಸರು ಕತ್ತಲಾಗುವ ತನಕ ತಡೆದುಕೊಳ್ಳುತ್ತಾರೆ, ಅದಕ್ಕಾಗಿ ನೀರೇ ಕುಡಿಯುವುದಿಲ್ಲ, ಉರಿಮೂತ್ರ ಬೆನ್ನು ಬಿಡುವುದಿಲ್ಲ. ಮಾತ್ರೆಗಿಂತ ಚಿಲಕದಿಂದ ಆಗುವ ಉಪಕಾರ ಇಲ್ಲಿ ದೊಡ್ಡದು.

ಕಾರ್ಡುಗಳು

ಆಯುಷ್ಮಾನ್ ಭಾರತ್ ಪಿಎಂಜೆಎವೈ ಕಾರ್ಡ್ ಯಾವ ರಾಜ್ಯದ್ದಾದರೂ ದೇಶದ ನೋಂದಾಯಿತ ಆಸ್ಪತ್ರೆಗಳಲ್ಲಿ ನಡೆಯುತ್ತದೆ, ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕಾಣಬೇಕು. ದುಡ್ಡು ಕಟ್ಟಿ ರಸೀದಿ ತಂದ ಮೇಲೆ ವಾಪಸು ಸಿಗುವುದು ಕಷ್ಟ.

ಪಡಿತರ ಚೀಟಿ ಊರಲ್ಲಿದ್ದರೂ ಒಂದು ದೇಶ ಒಂದು ಪಡಿತರ ಯೋಜನೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ತಮ್ಮ ಪಾಲನ್ನು ಇಲ್ಲಿ ತೆಗೆದುಕೊಂಡು ಉಳಿದದ್ದನ್ನು ಊರಿನ ಮನೆಯವರಿಗೆ ಬಿಡಬಹುದು. ತೊಡಕು ಬರುವುದು ಬೆರಳಚ್ಚಿನಲ್ಲಿ. ಸಿಮೆಂಟು ಮುಟ್ಟುವ ಕೈಯ ರೇಖೆ ಸವೆದಿರುತ್ತದೆ. ಹಿಂದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದು ಒರೆಸಿಕೊಂಡು ಹೋಗಲಿ. ಹೆಬ್ಬೆರಳು ಹಿಡಿಯದಿದ್ದರೆ ಉಳಿದ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಲಿ.

ಕಾರ್ಖಾನೆಯ ಗುತ್ತಿಗೆ ಹುಡುಗರ ಸಂಬಳದ ಚೀಟಿ ತೆಗೆಸಿ ನೋಡಿ. ಸಂಬಳ ₹21,000 ಮೀರದವರಿಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರಬೇಕು, ಅವರ ಪಾಲು ಶೇ 0.75. ₹15,000ಕ್ಕೆ ಸುಮಾರು ₹113 ಕಡಿತವಾಗಿರುತ್ತದೆ. ತಿಂಗಳು ತಿಂಗಳು ಕಡಿತವಾಗುತ್ತಿದ್ದರೂ ವಿಮೆಯ ಗುರುತಿನ ಸಂಖ್ಯೆಯಾದ ಐಪಿ ನಂಬರ್ ಗೊತ್ತಿಲ್ಲದೆ ಖಾಸಗಿ ಕ್ಲಿನಿಕ್ಕಿಗೆ ದುಡ್ಡು ಸುರಿಯುವವರು ಬಹಳ. ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್: 18ರಿಂದ 60 ವರ್ಷ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪತ್ರ. ಮಂಡಳಿಯ ಸಹಾಯವಾಣಿ 155214.

ಮನಸ್ಸಿನ ಸಂಕಟಕ್ಕೆ 14416, ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಹಿಂದಿ, ಬಂಗಾಳಿಯಲ್ಲೂ ಮಾತಾಡುತ್ತಾರೆ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎನ್ನುವ ಹುಡುಗನಿಗೆ ನೀವೇ ನಂಬರ್ ಒತ್ತಿ ಫೋನ್ ಕೈಗೆ ಕೊಟ್ಟು ದೂರ ಹೋಗಿ ಕೂತುಕೊಳ್ಳಿ.

ಮಂಡ್ಯದ ಕಡೆ

ಆಲೆಮನೆಗಳಲ್ಲಿ ಉತ್ತರ ಪ್ರದೇಶದಿಂದ ಬಂದವರು ಕೊಪ್ಪರಿಗೆಯ ಪಕ್ಕದಲ್ಲೇ ವಾಸ. ಕುದಿಯುವ ಪಾಕ ಅಂಟಿಕೊಂಡು ಸುಡುವುದರಿಂದ ಗಾಯ ಆಳ. ತಕ್ಷಣ ಹರಿಯುವ ತಣ್ಣೀರಿಗೆ 20 ನಿಮಿಷ ಹಿಡಿಯಬೇಕು, ಟೂತ್‌ಪೇಸ್ಟ್, ಶಾಯಿ ಏನೂ ಹಚ್ಚದೆ ತೊಳೆದ ಬಟ್ಟೆ ಮುಚ್ಚಿ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಕರೆದೊಯ್ಯಿರಿ. ಕಬ್ಬು ಕಡಿಯುವವರು ಟಾರ್ಪಾಲಿನಡಿ ನೆಲದಲ್ಲಿ ಮಲಗುತ್ತಾರೆ. ಹಾವು ಕಚ್ಚಿದರೆ ರಕ್ತ ನಿಲ್ಲುವಂತೆ ಬಿಗಿಯಾದ ಕಟ್ಟು ಹಾಕಬೇಡಿ, ಕೊಯ್ಯಬೇಡಿ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಕೋಲು ಕಟ್ಟಿ ಎತ್ತಿಕೊಂಡೇ ಸಾಗಿಸಿ. ಕಟ್ಟುಹಾವು (ಕ್ರೇಟ್) ರಾತ್ರಿ ಮಲಗಿದವರನ್ನು ಕಚ್ಚಿದರೆ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು ಕಂಡರೆ ಗಾಯ ಹುಡುಕುತ್ತಾ ಕೂರದೆ ಹೊರಡಿ.

ಹೊರಡುವ ದಿನ

ಸ್ಲ್ಯಾಬ್ ಮುಗಿದರೆ ಗುಂಪು ಒಂದೇ ರಾತ್ರಿಯಲ್ಲಿ ಶೆಡ್ ಖಾಲಿ ಮಾಡುತ್ತದೆ. ಇದು ಹಠಾತ್ತಾಗಿ ಕಂಡರೂ ಸೆಂಟ್ರಿಂಗ್ ಬಿಚ್ಚುವ ದಿನ ಮೇಸ್ತ್ರಿಗೆ ಹದಿನೈದು ದಿನ ಮೊದಲೇ ಗೊತ್ತಿರುತ್ತದೆ, ಪ್ರತಿ ಭೇಟಿಯಲ್ಲೂ ಕೇಳಿ. ಕುಟುಂಬಕ್ಕೊಂದು ಜಿಪ್ ಇರುವ ಪ್ಲಾಸ್ಟಿಕ್ ಕವರ್ ಕೊಡಿ. ಅದರೊಳಗೆ ತಾಯಿ ಕಾರ್ಡ್, ಲಸಿಕೆ ಕಾರ್ಡ್, ಒಪಿಡಿ ಚೀಟಿ, ಕೊನೆಯ ರಕ್ತ ಪರೀಕ್ಷೆಯ ವರದಿ. ಬಿಪಿ, ಶುಗರ್ ಇದ್ದವರಿಗೆ ಒಂದು ತಿಂಗಳ ಮಾತ್ರೆ. ಮೇಲೊಂದು ಚೀಟಿಯಲ್ಲಿ ನೋಟ್‌ಬುಕ್ಕಿನ ಬಲಗಡೆಯ ಕಾಲಂ ಹಾಗೇ ನಕಲು ಮಾಡಿ, ಔಷಧಿಯ ಹೆಸರು ಇಂಗ್ಲಿಷಿನಲ್ಲಿ, ತಾರೀಖು ಅಂಕಿಯಲ್ಲಿ. ಹೋಗುವ ಊರಿನ ಹೆಸರನ್ನೂ ಅಲ್ಲಿನ ಮೇಸ್ತ್ರಿಯ ನಂಬರನ್ನೂ ನಿಮ್ಮ ಪುಟದ ಕೆಳಗೆ ಬರೆದುಕೊಂಡು, ಕ್ಷಯದ ಚಿಕಿತ್ಸೆಯಲ್ಲಿರುವವರನ್ನು ಅಂದೇ ಕೇಂದ್ರಕ್ಕೆ ತಿಳಿಸಿ ವರ್ಗಾಯಿಸಿ. ಹತ್ತನೇ ದಿನ ಒಂದು ಫೋನ್ ಮಾಡಿ: ಮಾತ್ರೆ ಸಿಕ್ಕಿತೇ?